ಅತ್ತು ಕಳಿಸಿದ ಗಾಡಿ

ಹಳೆಯ ಕಾರು ನೋಡಲು ಬಂದವರು ಮೊದಲು ಟೈರಿಗೆ ಒದೆಯುತ್ತಾರೆ. ಯಾಕೆ ಒದೆಯುತ್ತಾರೋ, ಆ ಒದೆತದಿಂದ ಅವರಿಗೆ ಏನು ತಿಳಿಯುತ್ತದೋ, ನನಗಂತೂ ಇವತ್ತಿನವರೆಗೂ ಗೊತ್ತಾಗಿಲ್ಲ. ಹೋದ ಭಾನುವಾರ ನನ್ನ ಗಾಡಿ ನೋಡಲು ಅಣ್ಣಿಗೇರಿಯಿಂದ ತಾಯಿಯನ್ನು ಕರೆದುಕೊಂಡು ಬಂದಿದ್ದ ಔಷಧ ಅಂಗಡಿಯವನೂ ಒದ್ದ. ಒಂದಲ್ಲ, ನಾಲ್ಕು ಟೈರಿಗೂ ಪಾಳಿಯ ಪ್ರಕಾರ ಒದ್ದ. ನನಗೆ ಸಿಟ್ಟು ಬಂತು. ಅಪ್ಪ ಇದ್ದಿದ್ದರೆ ನಗುತ್ತಿದ್ದ. ಅಪ್ಪ ಯಾವುದನ್ನೂ ಒದೆಯದೆ ನೋಡುವವನು.

ಅಪ್ಪ ಎತ್ತು ನೋಡುವವನಾಗಿದ್ದ. ಅದು ಅವನ ಕಸುಬಲ್ಲ, ನಮಗೆ ಮೊರಬದಲ್ಲಿ ಹೊಲವಿತ್ತು. ಆದರೆ ಸುತ್ತಲಿನ ಊರುಗಳಲ್ಲಿ ಯಾರಾದರೂ ಎತ್ತು ಕೊಳ್ಳಬೇಕೆಂದರೆ ಮೊದಲು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಒಂದು ಕಪ್ ಚಹಾ, ಎರಡು ಎಲೆ ಅಡಿಕೆ, ಅಷ್ಟೇ ಅವನ ಸಂಬಳ. ಉಳಿದವರು ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದರೆ ಅಪ್ಪ ಅದನ್ನು ಕಟ್ಟಿದ್ದ ನೆಲ ನೋಡುತ್ತಿದ್ದ. ಸಗಣಿ ಹೇಗಿದೆ, ಗೊರಸಿನಿಂದ ನೆಲ ಎಷ್ಟು ಕೆದರಿದೆ, ಗೋದಲಿಯಲ್ಲಿ ಮೇವು ಎಷ್ಟು ಉಳಿದಿದೆ. ಆಮೇಲೆ ಗಾಡಿಗೆ ಹೂಡಿಸಿ, ಹಳ್ಳದ ದಂಡೆ ಹತ್ತಿಸಿ, ಅದು ದಣಿದ ಮೇಲೆ ಅದರ ಉಸಿರು ಕೇಳುತ್ತಿದ್ದ. ಎಲ್ಲ ಆದ ಮೇಲೆ ಕಡೆಯದೊಂದು ಪರೀಕ್ಷೆ ಇತ್ತು. ಎತ್ತು ಬಿಚ್ಚುವಾಗ ಆ ಮನೆಯ ಹೆಣ್ಣುಮಕ್ಕಳ ಮುಖ ನೋಡುತ್ತಿದ್ದ. ಅವರು ಸೆರಗು ಕಣ್ಣಿಗೆ ಹಚ್ಚಿದರೆ, “ಮುಗೀತು, ಇನ್ನ ಮಾತ ಮುಗಿಸ್ರಿ” ಎನ್ನುತ್ತಿದ್ದ. ಜೀವಕ್ಕೆ ಜೀವ ಕೊಟ್ಟು ಸಾಕಿದ ಮನೆಯ ಎತ್ತು ಕೈಕೊಡುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಒಮ್ಮೆ ಮಾತ್ರ ಅಪ್ಪ ಎಡವಿದ. ಬಾಜು ಮನೆಯವರಿಗೆ ಸಂತೆಯಲ್ಲಿ ದಲ್ಲಾಳಿಯ ಕೈಯಿಂದ ಒಂದು ಎತ್ತು ಆರಿಸಿಕೊಟ್ಟ. ನೋಡಲು ಅಗದಿ ರಾಜನಂತಿತ್ತು. ಎರೆ ಹೊಲದಲ್ಲಿ ಮೂರನೆಯ ದಿನ ಸಾಲಿನ ನಡುವೆ ಕೂತುಬಿಟ್ಟಿತು, ಏನು ಮಾಡಿದರೂ ಏಳಲಿಲ್ಲ. ಬಾಜು ಮನೆಯವರು ಒಂದು ಮಾತೂ ಆಡಲಿಲ್ಲ, ಅದೇ ಅಪ್ಪನಿಗೆ ಹೆಚ್ಚು ಚುಚ್ಚಿತು. “ಮನಿ ನೋಡದನ ಎತ್ತ ತಂದ್ನಿ, ಅದಕ್ಕ ಕೆಟ್ಟೆ” ಎಂದು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ. ಅದೇ ಹೊತ್ತಿಗೆ ಊರಿಗೆ ಟ್ರ್ಯಾಕ್ಟರುಗಳು ಬಂದವು. ಜನ ನಮ್ಮ ಕಟ್ಟೆಗೆ ಬರುವುದು ನಿಂತಿತು. ಟ್ರ್ಯಾಕ್ಟರಿನಿಂದಾಗಿ ನಿಂತಿತೋ, ಆ ಎತ್ತಿನಿಂದಾಗಿ ನಿಂತಿತೋ ಎಂದು ಕೇಳಿದರೆ ನಾವೆಲ್ಲ ಟ್ರ್ಯಾಕ್ಟರ್ ಎನ್ನುತ್ತಿದ್ದೆವು. ಅಪ್ಪ ನಂಬಲಿಲ್ಲ. ಸಂತೆಗೆ ಹೋಗುವುದನ್ನೇ ಬಿಟ್ಟ.

ನಾನು ಆಗ ಕಲಘಟಗಿಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲೇ ಬಾಡಿಗೆಯ ಕೋಣೆ, ಶನಿವಾರ ಊರಿಗೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡು ಬಂದು, ಮನೆ ಮುಟ್ಟುವಷ್ಟರಲ್ಲಿ ಮುಖ ಸೊಟ್ಟಗಾಗಿರುತ್ತಿತ್ತು. ಒಂದು ಹಳೆಯ ಕಾರು ತಗೊಳ್ಳುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ. ಅಣ್ಣ ನಕ್ಕ. “ಅಪ್ಪ ಬಂದು ಏನ ಮಾಡ್ತಾನ? ಕಾರಿನ ಹಲ್ಲ ಎಣಸ್ತಾನೇನು?”

ಅಪ್ಪ ತಲೆ ಎತ್ತಲಿಲ್ಲ, ರೊಟ್ಟಿ ಮುರಿಯುತ್ತಿದ್ದ ಕೈ ಮಾತ್ರ ನಿಂತಿತು. ನನಗೆ ಅಣ್ಣನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಾರು ಬೇಕೋ ಬೇಡವೋ, ಅಪ್ಪ ಮಾತ್ರ ಬರಲೇಬೇಕು ಎಂದು ಹಟ ಹಿಡಿದೆ. ನಿಜ ಹೇಳಬೇಕೆಂದರೆ ಆ ದಿನದಿಂದ ನನಗೆ ಕಾರಿಗಿಂತ ಅಪ್ಪನ ಚಿಂತೆಯೇ ಹೆಚ್ಚಾಯಿತು. ಮುಂದಿನ ಶನಿವಾರ ನಾನು ಊರಿಗೆ ಬಂದಾಗ ಅಪ್ಪ ತಾನೇ ಮಾತು ತೆಗೆದ. “ಬರ್ತೇನಿ. ಆದ್ರ ಈ ಸಲಾನೂ ತಪ್ಪಿದ್ರ ಮುಂದ ನನ್ನ ಯಾವುದಕ್ಕೂ ಕೇಳಬ್ಯಾಡ್ರಿ. ಕಣ್ಣ ಹೋತು ಅಂತ ತಿಳಕೊಂಡ ಸುಮ್ಮನ ಕೂಡತೇನಿ.”

ಜೊತೆಗೆ ಇನ್ನೊಬ್ಬನಿದ್ದ. ಹೈಸ್ಕೂಲಿನಲ್ಲಿ ನನ್ನ ವರ್ಗದಲ್ಲಿದ್ದ ಗೆಳೆಯ, ಈಗ ನವಲಗುಂದದಲ್ಲಿ ಅವನದೇ ಗ್ಯಾರೇಜು. ಅವನ ಅಬ್ಬಾ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುತ್ತಿದ್ದವರು, ಅಪ್ಪನ ಜೊತೆ ಎಷ್ಟೋ ಸಂತೆ ತಿರುಗಿದವರು. ಹಾಗಾಗಿ ಅವನಿಗೆ ಅಪ್ಪ ಎಂದರೆ ಕಾಕಾ, ನಾನು ಟೀಚರವ್ವ. ಟೀಚರವ್ವ ಎನ್ನುವಾಗ ಅವನ ತುಟಿ ಸ್ವಲ್ಪ ಓರೆಯಾಗುತ್ತಿತ್ತು.

ಮೊದಲು ಹುಬ್ಬಳ್ಳಿಯಲ್ಲಿ ಸಾಲಾಗಿ ಕಾರು ನಿಲ್ಲಿಸಿದ ಒಂದು ಜಾಗಕ್ಕೆ ಹೋದೆವು. ಒಂದು ಬಿಳಿ ಕಾರು ಮದುಮಗನ ಹಾಗೆ ಮಿಂಚುತ್ತಿತ್ತು. ಗೆಳೆಯ ಬಾನೆಟ್ ಎತ್ತಿ ಬೋಲ್ಟುಗಳ ಬಣ್ಣ ನೋಡಿದ, ಹಿಂದೆ ಸ್ಟೆಪ್ನಿ ತೆಗೆದು ಅದರ ಕೆಳಗಿನ ತಗಡು ಸವರಿದ, “ಇಂಜಿನ್ ಪರವಾಗಿಲ್ಲ” ಎಂದ. ಮೀಟರು ಕಡಿಮೆ ಓಡಿದ್ದನ್ನು ತೋರಿಸುತ್ತಿತ್ತು. ಅಪ್ಪ ಬಾಗಿಲು ತೆಗೆದು ಕೆಳಗೆ ಬಗ್ಗಿ ಪೆಡಲುಗಳನ್ನು ಬೆರಳಿನಿಂದ ಮುಟ್ಟಿದ. ರಬ್ಬರು ಸವೆದು ನುಣ್ಣಗಾಗಿತ್ತು. “ಇಷ್ಟ ಕಮ್ಮಿ ತಿರಗೇತಿ ಅಂತೀರಿ, ಮತ್ತ ಕಾಲಿಡೋ ಜಾಗಾ ಯಾಕ ಸವದೈತ್ರಿ?” ಎಂದು ಕೇಳಿದ. ಮಾರುವವ ಆಚೀಚೆ ನೋಡಿದ. ಗೆಳೆಯ ನನ್ನ ಕಿವಿಯಲ್ಲಿ, “ಕಾಕಾ ಇನ್ನೂ ಹುಲಿ ಅದಾರ” ಎಂದ. ಅಪ್ಪ ಕೇಳಿಸಿಕೊಳ್ಳದವನಂತೆ ನಟಿಸಿದ, ಆದರೆ ನಡಿಗೆ ಬದಲಾಗಿತ್ತು.

ಎರಡನೆಯದು ಯರಗುಪ್ಪಿಯಲ್ಲಿ. ವಯಸ್ಸಾದ ಗಂಡ ಹೆಂಡತಿ. ಗಂಡನಿಗೆ ಕಣ್ಣಿನ ತೊಂದರೆಯಾಗಿ ಡಾಕ್ಟರು ಗಾಡಿ ಓಡಿಸಬೇಡಿ ಎಂದಿದ್ದರು. ಬೂದಿ ಬಣ್ಣದ ಕಾರು. ಒಂದು ಕಾಲಕ್ಕೆ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲೇ ನಿಲ್ಲಿಸಿದ್ದರು. ಅಪ್ಪ ಕಾರು ಬಿಟ್ಟು ಅದು ನಿಂತ ನೆಲ ನೋಡಿದ. ಒಂದು ಹನಿ ಎಣ್ಣೆಯ ಕಲೆ ಇಲ್ಲ. ಗಾಲಿಯ ಒಳಗೂ ಎರೆ ಮಣ್ಣಿಲ್ಲ, ದಿನಾ ತೊಳೆಯುತ್ತಿದ್ದರು. ಕನ್ನಡಿಗೆ ಕುಂಕುಮ, ಸೀಟಿಗೆ ಕಸೂತಿಯ ಹೊದಿಕೆ. ಅಷ್ಟೇ ಅಲ್ಲ, ಮೂರೂ ಪೆಡಲುಗಳಿಗೆ ಆ ತಾಯಿ ದಪ್ಪ ಬಟ್ಟೆಯ ಚೀಲ ಹೊಲಿದು ತೊಡಿಸಿದ್ದಳು, ಯಜಮಾನರ ಬರಿಗಾಲಿಗೆ ತಂಪಾಗಬಾರದೆಂದು. ಅಪ್ಪ ಅದನ್ನು ನೋಡಿ ಕರಗಿಹೋದ. “ಇದಕ್ಕ ಅಂತಾರ ಸಾಕೂದು” ಎಂದು ನನ್ನತ್ತ ತಿರುಗಿ ಹೇಳಿದ.

ಗೆಳೆಯ ಊರೊಳಗೆ ಒಂದು ಸುತ್ತು ಓಡಿಸಿ ಬಂದ. ಗಾಡಿ ಮೆತ್ತಗೆ ಓಡಿತು. ಆದರೂ ಅವನು ತಲೆ ಕೆರೆದುಕೊಂಡ. “ಕಾಕಾ, ಇಲ್ಲೆ ಎಲ್ಲಾ ಸಪಾಟ ಐತಿ. ಹುಬ್ಬಳ್ಳಿ ಕಡಿ ಒಂದ ಸೇತುವಿ ಮ್ಯಾಲ ಹತ್ತಿಸಿ ನೋಡೂಣ್ರಿ. ಏರಿನ್ಯಾಗ ಗಾಡಿ ಬಣ್ಣಾ ಗೊತ್ತಾಗತೈತಿ.”

ಅಪ್ಪ ಉತ್ತರ ಕೊಡುವ ಮೊದಲೇ ಆ ತಾಯಿ ಹೊರಗೆ ಬಂದಳು. ಬಾನೆಟ್ಟಿನ ಮೇಲೆ ಕೈಯಿಟ್ಟು, “ನಮ್ಮನ್ನ ಒಮ್ಮಿನೂ ದಾರ್ಯಾಗ ಬಿಟ್ಟಿಲ್ಲ ಯವ್ವಾ ಇದು” ಎಂದಳು. ಹೇಳುತ್ತಾ ಹೇಳುತ್ತಾ ಸೆರಗು ಕಣ್ಣಿಗೆ ಹೋಯಿತು.

ಅಪ್ಪ ಗೆಳೆಯನ ಹೆಗಲು ಮುಟ್ಟಿದ. “ಆ ತಾಯಿ ಕಣ್ಣ ನೋಡಿದ್ಯಾ? ಇನ್ನೇನ ಹತ್ತಸ್ತಿಲೇ?”

ಆಮೇಲಿನದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಯಜಮಾನರ ಕೈಯ ಮೇಲೆ ಹಾಕಿದ. ಎತ್ತಿನ ಸಂತೆಯಲ್ಲಿ ಹಾಗೆ, ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಕಾರಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ನನಗೆ ನಾಚಿಕೆಯಾಯಿತು. ಆದರೆ ಯಜಮಾನರು ಒಂದು ಕ್ಷಣ ಅಪ್ಪನ ಮುಖ ನೋಡಿ ಬಾಯ್ತುಂಬ ನಕ್ಕರು. ಅವರ ಕೈಯೂ ಎಷ್ಟೋ ವರ್ಷದಿಂದ ಆ ಟವೆಲ್ಲಿಗೆ ಕಾದಿತ್ತು ಎಂದು ಕಾಣುತ್ತದೆ. ಇಬ್ಬರೂ ಆಕಾಶ ನೋಡುತ್ತಾ ಟವೆಲ್ಲಿನ ಕೆಳಗೆ ಬೆರಳು ಆಡಿಸಿದರು. ವ್ಯವಹಾರ ಮುಗಿಯಿತು.

ಊರಿಗೆ ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಬಸ್‌ಸ್ಟ್ಯಾಂಡಿನ ಕಟ್ಟೆಯ ಹತ್ತಿರ, “ಸಾವಕಾಶ ನಡಸು” ಎಂದ. ನಾನು ಎಷ್ಟು ಸಾವಕಾಶ ನಡೆಸಿದೆನೆಂದರೆ ಕಟ್ಟೆಯ ಮೇಲಿದ್ದ ಪ್ರತಿಯೊಬ್ಬರೂ ನೋಡಿದರು. ಆ ಸಂಜೆ ಮೂರು ಜನ ಚಹಾಕ್ಕೆ ಬಂದರು. ಒಬ್ಬರು ತಮ್ಮ ಅಳಿಯನಿಗೆ ಹಳೆಯ ಟ್ರ್ಯಾಕ್ಟರ್ ನೋಡಬೇಕಿದೆ, ಬರುತ್ತೀರಾ ಎಂದು ಅಪ್ಪನನ್ನು ಕೇಳಿದರು. ಅಪ್ಪ ಅಡಿಕೆ ಕತ್ತರಿಸುತ್ತಾ, “ನೋಡೂಣ” ಎಂದ. ಅವ್ವ ತೀರಿಹೋದ ಮೇಲೆ ಅವನ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ.

ಎರಡನೆಯ ವಾರ ಕಲಘಟಗಿಯ ರಸ್ತೆಯ ಏರಿನಲ್ಲಿ ಗಾಡಿ ಸೋತಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದಿನಿಂದ ಕಬ್ಬಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ನನ್ನ ಜೀವ ತಿಂದ. ಗೆಳೆಯನಿಗೆ ಫೋನ್ ಮಾಡಿದೆ. ಶನಿವಾರ ಸಪಾಟು ರಸ್ತೆ ಹಿಡಿದು, ನಮ್ಮ ಊರಿನ ದಾರಿ ತಪ್ಪಿಸಿ, ಬಸವನಹುಳುವಿನಂತೆ ತೆವಳಿಸುತ್ತಾ ನವಲಗುಂದದ ಗ್ಯಾರೇಜಿಗೆ ಮುಟ್ಟಿಸಿದೆ. ಅವನು ಪೆಡಲಿನ ಬಟ್ಟೆಯ ಚೀಲ ಬಿಚ್ಚಿದ. ಬ್ರೇಕಿನ ರಬ್ಬರು ಹೊಸದರ ಹಾಗಿತ್ತು. ಕ್ಲಚ್ಚಿನ ರಬ್ಬರು ಸವೆದು ಕಬ್ಬಿಣವೇ ಕಾಣುತ್ತಿತ್ತು.

“ಯಜಮಾನ್ರು ಅಗದಿ ಅಂಜಿ ಅಂಜಿ ಓಡಿಸ್ಯಾರ, ಟೀಚರವ್ವಾ. ಗಾಡಿಗೆ ಏನಾದ್ರೂ ಆದೀತು ಅಂತ ಕ್ಲಚ್ ಮ್ಯಾಲಿನ ಕಾಲ ತಗದಿಲ್ಲ. ಪ್ಲೇಟ್ ಪೂರ್ತಿ ಸವದ ಹೋಗೇತಿ, ಏರಿನ್ಯಾಗ ಹಿಡಿಯೂದಿಲ್ಲ.”

ಅವರು ಸುಳ್ಳು ಹೇಳಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ. ಆ ಮನೆಯ ಅಕ್ಕರೆಯೇ ಗಾಡಿಯನ್ನು ಸವೆಸಿತ್ತು. ಎತ್ತಿಗಾದರೆ ಅಕ್ಕರೆ ಸಾಕು, ಯಂತ್ರಕ್ಕೆ ಸಾಲದು ಎಂಬುದು ಅಪ್ಪನಿಗೆ ಹೇಗೆ ತಿಳಿಯಬೇಕು? ನಾನು ಗೆಳೆಯನಿಗೆ ಹೇಳಿದೆ, “ಅಪ್ಪಗ ಗೊತ್ತಾಗಬಾರದು. ಗೊತ್ತಾದ್ರ ಅವ ಮತ್ತ ಮೂಲಿ ಹಿಡೀತಾನ.” ಅವನು ಹ್ಞೂಂ ಎಂದ.

ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬಂದೆ. ಅಪ್ಪ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೇ ಇದ್ದ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮದುವೆ ಇದೆ, ಗಾಡಿ ಕೇಳಿದರು, ಕಲಘಟಗಿಯಲ್ಲೇ ಕೊಟ್ಟು ಬಂದೆ ಎಂದೆ. “ಗಾಡಿ ಹೆಂಗೈತಿ?” ಎಂದ. “ಅಗದಿ ಚಲೋ ಐತಿ ಅಪ್ಪಾ, ಹೂವಿನಂಗ ಓಡತೈತಿ.” ಅಪ್ಪ ತಲೆಯಾಡಿಸಿದ. ನಾನು ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆ ಎಂದು ಒಳಗೊಳಗೇ ಬೀಗಿದೆ.

ಆಮೇಲಿನ ವರ್ಷಗಳಲ್ಲಿ ಅಪ್ಪನ ಕಟ್ಟೆ ಮತ್ತೆ ತುಂಬಿತು. ಹಳೆಯ ಟ್ರ್ಯಾಕ್ಟರ್, ಬೈಕು, ಕಾರು, ಏನೇ ಕೊಳ್ಳಲಿ, ಅವನನ್ನು ಕರೆಯುತ್ತಿದ್ದರು. ನನಗೆ ಒಂದೇ ಆಶ್ಚರ್ಯ. ನೆಲ ನೋಡಿ, ಮನೆ ನೋಡಿ, ಎಲ್ಲ ಮುಗಿದ ಮೇಲೆ ಅಪ್ಪ ತಪ್ಪದೆ ಒಂದು ಮಾತು ಹೇಳುತ್ತಿದ್ದ, “ಕೆರಿ ಏರಿ ಹತ್ತಿಸಿ ತೋರಸ್ರಿ.” ಯಾರು ಅತ್ತರೂ ಬಿಡುತ್ತಿರಲಿಲ್ಲ. ವಯಸ್ಸಾದಂತೆ ಹಟ ಹೆಚ್ಚಾಯಿತು ಎಂದುಕೊಂಡೆ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಮಾತಾಡಿಸಲು ಬಂದ ಗೆಳೆಯ ಕೊಟ್ಟಿಗೆಯಲ್ಲಿ ಕೈ ತೊಳೆಯಲು ಹೋದವನು ಅಲ್ಲೇ ನಿಂತುಬಿಟ್ಟ. ಗೋಡೆಯ ಗೂಟಕ್ಕೆ ಎತ್ತಿನ ಗೆಜ್ಜೆ ಸರ, ಗಂಟೆ, ಅವುಗಳ ಪಕ್ಕ ಕಪ್ಪಗಿನ ಒಂದು ದುಂಡು ತಟ್ಟೆ. ಅದು ಅಲ್ಲಿರುವುದನ್ನು ನಾನು ನೂರು ಸಲ ನೋಡಿದ್ದೆ, ಕಾಳು ರಾಶಿ ಮಾಡುವ ಯಂತ್ರದ ಬಿಡಿಭಾಗ ಎಂದುಕೊಂಡಿದ್ದೆ.

“ಇದು ನಿಮ್ಮ ಗಾಡಿ ಕ್ಲಚ್ ಪ್ಲೇಟು” ಎಂದ ಗೆಳೆಯ.

ನಾನು ಸುಳ್ಳು ಹೇಳಿದ ಆ ಶನಿವಾರ ಕಳೆದು ಸೋಮವಾರವೇ ಅಪ್ಪ ಗ್ಯಾರೇಜಿಗೆ ಹೋಗಿದ್ದನಂತೆ. ಕಲಘಟಗಿಯಿಂದ ಬಂದೆ ಎಂದವಳು ನವಲಗುಂದದ ಬಸ್ಸಿನಿಂದ ಇಳಿದಿದ್ದೆ. ಎತ್ತಿನ ಹೆಜ್ಜೆ ನೋಡಿ ಅದು ಯಾವ ಊರಿನಿಂದ ಬಂತೆಂದು ಹೇಳುವವನಿಗೆ ಇಷ್ಟು ತಿಳಿಯದೇ? ಅಪ್ಪ ಗ್ಯಾರೇಜಿನ ನೆಲದ ಮೇಲೆ ಕೂತು, “ತಪ್ಪಿದ್ದು ಎಲ್ಲಿ ಅಂತ ತೋರಸು” ಎಂದು ಇಡೀ ಮಧ್ಯಾಹ್ನ ಬಿಚ್ಚಿದ ಭಾಗಗಳನ್ನು ಒಂದೊಂದಾಗಿ ಕೇಳಿ ತಿಳಿದನಂತೆ. ಸವೆದ ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಏಳುವಾಗ ಹೇಳಿದ್ದು ಇಷ್ಟು. “ಮಗಳಿಗೆ ಹೇಳಬ್ಯಾಡ. ನನ್ನ ಸಲುವಾಗಿ ಸುಳ್ಳ ಹೇಳ್ಯಾಳ. ಆ ಸುಳ್ಳ ಆಕಿದ ಆಕಿ ಹತ್ರ ಇರಲಿ.”

ಆ ದಿನ ಕೊಟ್ಟಿಗೆಯಲ್ಲಿ ನಾನು ಅತ್ತಷ್ಟು ಅಪ್ಪನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಈಗ ನನಗೆ ಊರಿನ ಶಾಲೆಗೇ ವರ್ಗವಾಗಿದೆ, ನಡೆದೇ ಹೋಗುತ್ತೇನೆ. ಅಂಗಳದಲ್ಲಿ ಸುಮ್ಮನೆ ನಿಂತ ಗಾಡಿ ಕೆಡುತ್ತದೆ. ಹಾಗಾಗಿಯೇ ಆ ಭಾನುವಾರ ಔಷಧ ಅಂಗಡಿಯವನು ಬಂದದ್ದು. ಅವನು ಒದೆಯುವುದು ಮುಗಿಸಿ ಬಾನೆಟ್ ಎತ್ತಿದ. ನಾನು ಕೀಲಿ ಕೊಡಲು ಮುಂದೆ ಬಂದೆ. ಅಪ್ಪ ಕೂರುತ್ತಿದ್ದ ಸೀಟು ಕಣ್ಣಿಗೆ ಬಿತ್ತು, ತಡೆಯಲಾಗಲಿಲ್ಲ. ಅವನ ತಾಯಿ ನನ್ನನ್ನು ನೋಡಿ ಮಗನ ಕೈ ಹಿಡಿದಳು. “ಸಾಕ ಬಿಡಪಾ, ಇನ್ನೇನ ನೋಡ್ತಿ? ಆಕಿ ಕಣ್ಣಾಗ ನೀರ ಬಂದಾವು. ಮಕ್ಕಳಂಗ ಜ್ವಾಪಾನ ಮಾಡ್ಯಾಳ, ತಗೋ.”

ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ನಾನು ಕಣ್ಣೊರೆಸಿಕೊಂಡು ಹೇಳಿದೆ, “ನನ್ನ ಕಣ್ಣ ನೋಡಬ್ಯಾಡ್ರಿ ಅಮ್ಮಾರ. ಕೆರಿ ಏರಿ ಹತ್ತಿಸಿ ನೋಡ್ರಿ. ಬರ್ರಿ, ಹೋಗೂಣು.”

ಅವನು ಓಡಿಸಿದ, ತಾಯಿ ಅಪ್ಪನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಏರಿಯ ಬುಡದಲ್ಲಿ, “ಕ್ಲಚ್ ಮ್ಯಾಲಿನ ಕಾಲ ತಗೀರಿ” ಎಂದೆ. ತೆಗೆದ. ಗಾಡಿ ಒಂದೇ ದಮ್ಮಿಗೆ ಏರಿ ಹತ್ತಿ ಮೇಲೆ ನಿಂತಿತು. ಹಿಂದಿನ ಸೀಟಿನಲ್ಲಿ, ಈ ಸಲ ಯಾರಿಂದಲೂ ಮುಚ್ಚಿಡದೆ, ನಾನು ಮತ್ತೊಮ್ಮೆ ಅತ್ತುಬಿಟ್ಟೆ.