ನಜೀರಸಾಬರು ಕಪ್ಪಾಗಿಸಿದ ಪೆಟ್ಟಿಗೆ

ಬೆಟಗೇರಿಯ ನಜೀರಸಾಬರು ನಲವತ್ತು ವರ್ಷದಿಂದ ತಾಮ್ರದ ಪಾತ್ರೆ ಬಡಿದು, ಕಲಾಯಿ ಹಾಕಿ ಬದುಕಿದವರು. ಅವರು ಉಜ್ಜಿದ ಹಂಡೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮಗಳು ಗುಲ್ನಾಜ ಎಂಜಿನಿಯರಿಂಗ್ ಕಾಲೇಜಿನ ಗೆಳತಿಯರೊಡನೆ ಪುಟ್ಟ ಉಪಗ್ರಹದ ಮಾದರಿ ಕಟ್ಟಿದಾಗ, ಅದಕ್ಕೆ ತಾಮ್ರದ ಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. ಮೂರು ದಿನ ಉಜ್ಜಿ ಕನ್ನಡಿಯ ಹಾಗೆ ಹೊಳೆಸಿದ್ದರು.

ಬಾಹ್ಯಾಕಾಶದಲ್ಲಿ ಅದು ತಾಳುವುದೇ ಎಂದು ಪರೀಕ್ಷಿಸುವ ದಿನ, ಮಧ್ಯಾಹ್ನ ಕಾಲೇಜಿನಲ್ಲಿ ಅದನ್ನು ಉಕ್ಕಿನ ಡ್ರಮ್ಮಿನಲ್ಲಿಟ್ಟು ಗಾಳಿಯನ್ನೆಲ್ಲ ಹೀರಿ ತೆಗೆದರು. ಡ್ರಮ್ಮಿನ ಗೋಡೆ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗಿತ್ತು. ಆದರೆ ಒಳಗಿನ ಉಪಕರಣಗಳು ಓಡುತ್ತಿದ್ದಂತೆ ಪೆಟ್ಟಿಗೆಯೊಳಗಿನ ಬಿಸಿ ಮಾತ್ರ ಏರುತ್ತಲೇ ಹೋಯಿತು. ಅರವತ್ತೆರಡು. ಎಪ್ಪತ್ತು. ಎಂಬತ್ತೈದು ದಾಟಿದರೆ ಒಳಗಿನ ಕ್ಯಾಮೆರಾ ಸುಟ್ಟುಹೋಗುತ್ತಿತ್ತು.

"ಸುತ್ತ ಇಷ್ಟು ತಂಪೈತಿ, ಬಿಸಿ ಯಾಕ ಇಳೀವಲ್ದು?" ನಜೀರಸಾಬರು ಕೇಳಿದರು.

"ಬಾಹ್ಯಾಕಾಶದಾಗೂ ಹಿಂಗ ರೀ," ಎಂದರು ಮೇಷ್ಟ್ರು ಪುಂಡಲೀಕಪ್ಪ. "ಬಿಸಿ ಹೊತ್ತೊಯ್ಯಾಕ ಗಾಳಿ ಇಲ್ಲ. ಬೆಳಕಿನಂಗ ಕಿರಣ ಆಗಿ ತಾನ ಹೊರಗ ಹೋಗಬೇಕು. ಸಂಜಿ ಆರಕ್ಕ ಈ ಡ್ರಮ್ಮಿನ ಯಂತ್ರ ವಾಪಸ್ ಕಳಸ್ಬೇಕ್ರಿ, ಮತ್ತ ಸಿಗಾಂಗಿಲ್ಲ."

ಎಂಬತ್ತೊಂದಕ್ಕೆ ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿದರು.

ನಜೀರಸಾಬರಿಗೆ ಮನೆಯ ಚರಿಗೆಗಳು ನೆನಪಾದವು. ಹೊಳೆಯುವ ಚರಿಗೆಯಲ್ಲಿ ಚಹಾ ಬಹಳ ಹೊತ್ತು ಬಿಸಿ ಇರುತ್ತದೆ, ಮಸಿ ಹಿಡಿದದ್ದರಲ್ಲಿ ಬೇಗ ಆರುತ್ತದೆ. ಇದು ಅವರ ಕೈಗೆ ಎಂದೋ ಗೊತ್ತಿದ್ದ ಸಂಗತಿ.

"ತಪ್ಪು ನಂದ ಐತಿ," ಎಂದರು. "ನನ್ನ ಹೊಳಪ ಬಿಸಿನ ಹಿಡದಿಟ್ಟೈತಿ. ಸಾಮಾನೆಲ್ಲಾ ಬಿಚ್ಚ ಬೇಟಿ, ಪೆಟ್ಟಿಗಿ ಕರ್ರಗ ಮಾಡ್ತೀನಿ."

"ಅಬ್ಬಾ, ಮೂರು ದಿನ ಉಜ್ಜೀರಿ!" ಎಂದು ಗುಲ್ನಾಜ ಅಪ್ಪನನ್ನು ತಡೆದಳು.

"ಜಲ್ದಿ ಬಿಚ್ಚು."

ಮೇಷ್ಟ್ರು ಒಂದು ಕ್ಷಣ ಯೋಚಿಸಿ ಹೂಂ ಎಂದರು. ಹಿತ್ತಲಲ್ಲಿ ಗ್ಯಾಸಿನ ಉರಿ ಹಿಡಿದು ನಜೀರಸಾಬರು ಒಂದೊಂದೇ ಮಗ್ಗುಲು ಕಾಯಿಸಿದರು. ಹೊಳಪು ಮೊದಲು ಕೆಂಪಡರಿ, ಆಮೇಲೆ ಇದ್ದಿಲಿನಂತೆ ಕಪ್ಪಾಯಿತು. ಆರುವ ತನಕ ಕಾದು ಜೋಡಿಸಿ, ಮತ್ತೆ ಡ್ರಮ್ಮಿನಲ್ಲಿಟ್ಟಾಗ ಗಂಟೆ ನಾಲ್ಕು ದಾಟಿತ್ತು.

ಅರವತ್ತು. ಅರವತ್ತಾರು. ಅರವತ್ತೊಂಬತ್ತಕ್ಕೆ ಬಂದ ಅಂಕಿ ಮುಂದೆ ಹೋಗಲಿಲ್ಲ. ಹತ್ತು ನಿಮಿಷ, ಇಪ್ಪತ್ತು, ಮುಕ್ಕಾಲು ತಾಸು.

"ನಿಂತೈತ್ರಿ!" ಎಂದರು ಪುಂಡಲೀಕಪ್ಪ.

ಪೆಟ್ಟಿಗೆಯಿಂದ ಮೊದಲ ಚಿತ್ರ ಬಂದಾಗ ಹುಡುಗಿಯರು ಕೂಗಿದರು. ನಜೀರಸಾಬರು ಬೆಂಚಿನ ಮೇಲೆ ಕುಳಿತರು. ನೀರು ತಂದ ಗುಲ್ನಾಜ ಆಗ ನೋಡಿದಳು, ಅವಸರದಲ್ಲಿ ಕಾದ ತಾಮ್ರ ಹಿಡಿದ ಅಪ್ಪನ ಅಂಗೈ ತುಂಬ ಬೊಬ್ಬೆ ಎದ್ದಿತ್ತು.