ಗಂಗಣ್ಣನವರು ತೆಗೆಸಿದ ಬಾಗಿಲು

ಬಸ್ ಮುಷ್ಕರದ ಆ ಭಾನುವಾರ, ಶಿರಾ ಗೇಟ್ ಬಳಿಯ ನಮ್ಮ ಲಾಡ್ಜಿನ ಮೆಟ್ಟಿಲ ಮೇಲೆ ಗಂಗಣ್ಣನವರು ಕೂತಿದ್ದನ್ನು ಕಂಡು ದಂಗಾದೆ. ಗುಬ್ಬಿಯಿಂದ ಹಾಲಿನ ವ್ಯಾನ್ ಹತ್ತಿ ಬಂದಿದ್ದರು!

ನಮ್ಮದು ರೂಮು ಕೊಡುವ ಲಾಡ್ಜಲ್ಲ. ವಾರಕ್ಕೊಮ್ಮೆ ಸೇರಿ ಎಲ್ಲ ಧರ್ಮಗಳ ಪ್ರಾರ್ಥನೆ ಹೇಳಿ, ಓದಿ ಚರ್ಚಿಸುವ ಕೂಟ. ತೆಂಗಿನ ತೋಟ ಮಗನಿಗೊಪ್ಪಿಸಿ, ಎಪ್ಪತ್ತು ದಾಟಿದ ಮೇಲೆ ಸದಸ್ಯರಾದ ಗಂಗಣ್ಣನವರು ಒಂದು ವಾರವೂ ತಪ್ಪಿಸಿದವರಲ್ಲ. ಉಳಿದವರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟಿದ್ದರು. ಕಾರ್ಯದರ್ಶಿಯಾಗಿದ್ದ ನಾನು ಬೇಸತ್ತು, ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಕೊಟ್ಟುಬಿಡಲೆಂದೇ ಅಂದು ಹೋಗಿದ್ದೆ.

“ಇಬ್ರೇ ಇದೀವಲ್ಲ ಗಂಗಣ್ಣೋರೆ, ಏನ್ ಮೀಟಿಂಗ್ ಮಾಡೋದು?” ಎಂದೆ.

“ಓದಕ್ಕೆ ನೀವಿದೀರಾ, ಕೇಳಕ್ಕೆ ನಾನಿದೀನಿ. ಇನ್ನೆಷ್ಟ್ ಜನ ಬೇಕು ಸಾರ್? ಬಾಗ್ಲು ತೆಗೀರಿ.”

ತೆಗೆದೆ. ಒಬ್ಬೊಬ್ಬ ಸದಸ್ಯರು ಒಂದೊಂದು ಧರ್ಮದ ಪ್ರಾರ್ಥನೆ ಹೇಳುವುದು ನಮ್ಮಲ್ಲಿನ ಪದ್ಧತಿ. ತಮ್ಮದನ್ನು ಮುಗಿಸಿದ ಗಂಗಣ್ಣನವರು, ಬಾರದವರ ಕುರ್ಚಿಗಳ ಪಕ್ಕ ಒಂದೊಂದಾಗಿ ಹೋಗಿ ನಿಂತು, ಅವರವರ ಪಾಲಿನ ಪ್ರಾರ್ಥನೆಯನ್ನೂ ಕಣ್ಣುಮುಚ್ಚಿ ಹೇಳಿದರು.

ಅವರು ತೀರಿಕೊಂಡು ವರ್ಷಗಳಾದವು. ಬೀಗದ ಕೈ ಇನ್ನೂ ನನ್ನ ಜೇಬಿನಲ್ಲೇ ಇದೆ. ಈಗ ಪ್ರತಿ ಭಾನುವಾರ ಅವರ ಕುರ್ಚಿಯ ಪಕ್ಕ ನಿಂತು, ಅವರ ಪ್ರಾರ್ಥನೆಯನ್ನು ನಾನು ಹೇಳುತ್ತೇನೆ.