ಕಾಗದ ಕೆಳಗಿಡು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಊರಲ್ಲಿ ಒಬ್ಬ ಸ್ನೇಹಿತನೂ ಇಲ್ಲ. ಅದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಹೆದ್ದಾರಿ ಪಕ್ಕದ ವೇ ಬ್ರಿಡ್ಜಿನಲ್ಲಿ ಲಾರಿ ತೂಗುವುದು ಅವರ ಕೆಲಸ. ಸರಕು ತುಂಬಿದ ಲಾರಿಯನ್ನು ಒಮ್ಮೆ ತೂಗಿ, ಖಾಲಿ ಲಾರಿಯನ್ನು ಇನ್ನೊಮ್ಮೆ ತೂಗಿ, ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಸರಕಿನ ತೂಕ ಸಿಗುತ್ತದೆ. ಸೀಟಿನಡಿ ಒಂದು ನೀರಿನ ಕ್ಯಾನ್ ಇದ್ದರೂ ಇವರು ಬಿಡುವವರಲ್ಲ. ಡ್ರೈವರುಗಳು ಇವರಿಗೆ ಇಟ್ಟ ಹೆಸರು ‘ಕಳೆಯಪ್ಪ’. ಆ ಹೆಸರು ನನಗೆ ಬಹಳ ಹಿಡಿಸಿದೆ.

ಈ ಸಲ ಶಾಲೆಯ ಭಾಷಣ ಸ್ಪರ್ಧೆಗೆ ಪೋಷಕರೇ ತೀರ್ಪುಗಾರರು ಎಂದು ಹೆಡ್ ಮೇಡಂ ತೀರ್ಮಾನಿಸಿದ್ದರು. ತಮ್ಮ ಮಗು ಇರುವ ಗುಂಪಿಗೆ ಕೂರುವಂತಿಲ್ಲ, ಅಷ್ಟೇ. ಬುದ್ಧಿ ಇದ್ದವರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡರು. ಉಳಿದವರು ಭಾವ ಮತ್ತು ಔಷಧಿ ಅಂಗಡಿಯಾಕೆ. ಬೆಳಿಗ್ಗೆ ದೊಡ್ಡ ಮಕ್ಕಳಿಗೆ ಭಾವ. ಅದರಲ್ಲಿ ಆಕೆಯ ಮಗನಿದ್ದ. ಊಟದ ನಂತರ ಚಿಕ್ಕವರಿಗೆ ಆಕೆ. ಅದರಲ್ಲಿ ಅಕ್ಕನ ಮಗಳು, ನಮ್ಮ ಗುಬ್ಬಿ. ಎಲ್ಲರಿಗೂ ಒಂದೇ ವಿಷಯ: ನನ್ನ ಮನೆ. ಕಪ್ ಗುಬ್ಬಿಗೇ ಬರಬೇಕೆಂದು ಭಾವ ಮನೆಯವರ ಜೀವ ತಿಂದಿದ್ದರು. ಅದನ್ನಿಡಲು ಟಿವಿ ಪಕ್ಕದಲ್ಲಿ ಜಾಗವನ್ನೂ ಖಾಲಿ ಮಾಡಿಸಿದ್ದರು.

ಮೊದಲು ಬಂದವನೇ ಔಷಧಿ ಅಂಗಡಿಯಾಕೆಯ ಮಗ. ಕೈ ಬೀಸಿ, ದನಿ ಏರಿಸಿ, ಇಳಿಸಿ, ಸೊಗಸಾಗಿ ಮಾತಾಡಿದ. ಚಪ್ಪಾಳೆ ನಿಲ್ಲುವವರೆಗೆ ಭಾವ ಕಾದರು.

“ಆಯ್ತು. ಈಗ ಕಾಗದ ಕೆಳಗಿಡು. ಬರೆದುಕೊಟ್ಟವರನ್ನ ಕಳೆದ್ರೆ ನಿಂದು ಎಷ್ಟು ಉಳಿಯುತ್ತೆ ನೋಡೋಣ. ಮನೆ ಬಗ್ಗೆ ನಿನ್ನ ಮಾತಲ್ಲೇ ಹೇಳು.”

ಹುಡುಗ ಅಮ್ಮನ ಕಡೆ ನೋಡಿದ. “ನಮ್ಮನೇಲಿ... ಮೂರು ರೂಮಿದೆ,” ಎಂದ. ಆಮೇಲೆ ಕೆಳಗಿಟ್ಟ ಕಾಗದದ ಕಡೆ ಕಣ್ಣು ಹಾಯಿಸಿದ.

“ಮೂರು ರೂಮು. ಅಷ್ಟೇ ಉಳೀತು,” ಎಂದರು ಭಾವ. ಹುಡುಗ ಅಳುತ್ತಾ ಕೆಳಗಿಳಿದ.

ಮುಂದಿನವರಿಗೂ ಇದೇ ಶಾಸ್ತಿ. ಕೊನೆಗೆ ಮೊದಲ ಬಹುಮಾನಕ್ಕೆ ಯಾರೂ ಲಾಯಕ್ಕಿಲ್ಲ ಎಂದು ಮೈಕಿನಲ್ಲೇ ಹೇಳಿಬಿಟ್ಟರು. ನನಗೆ ನೆಲ ಬಿರಿದು ಒಳಗೆ ಸೇರಿಕೊಳ್ಳಬಾರದೆ ಅನ್ನಿಸಿತು.

ಊಟಕ್ಕೆ ಕೂತಾಗ ನಮ್ಮ ಬೆಂಚಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಯಾವುದೋ ಮಗುವಿನ ತಂದೆ ಮಾತ್ರ ಬಂದು, “ಮಕ್ಕಳೇನು ಲಾರೀನಾ ಸ್ವಾಮಿ?” ಎಂದು ಕೇಳಿದ.

“ಲಾರಿ ಅಳಲ್ಲ,” ಎಂದು ಭಾವ ತಟ್ಟೆಯಿಂದ ತಲೆಯೆತ್ತದೆ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಗುಬ್ಬಿಯ ಭಾಷಣವನ್ನು ಒಂದಕ್ಷರ ಬಿಡದೆ ಬರೆದುಕೊಟ್ಟವರು ಈ ಮಹಾನುಭಾವರೇ. ಅದೂ ಕಳೆಯಬೇಕಾದ ತೂಕ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಬೇರೆಯವರು ಬರೆದುಕೊಟ್ಟರೆ ಅದು ಲಾರಿ, ತಾವು ಬರೆದುಕೊಟ್ಟರೆ ಅದು ಸರಕು. ಅಕ್ಕನಿಗೆ ನಾನು ಅದನ್ನೇ ಪಿಸುಗುಟ್ಟಿದೆ. “ಸುಮ್ನಿರೇ,” ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಮಾತೊಂದೇ ಉಳಿದಿದೆ.

ಮಧ್ಯಾಹ್ನ ಔಷಧಿ ಅಂಗಡಿಯಾಕೆ ಮೇಜಿನ ಹಿಂದೆ ಕೂತರು. ಗುಬ್ಬಿಗಿಂತ ಮೊದಲು ಬಂದ ಮಕ್ಕಳಿಗೆಲ್ಲ ನಗುತ್ತಾ “ಜಾಣ, ಜಾಣೆ” ಎಂದು ಕಳಿಸಿದರು. ಗುಬ್ಬಿ, “ನನ್ನ ಮನೆಯೇ ನನ್ನ ಮೊದಲ ಪಾಠಶಾಲೆ. ಅಲ್ಲಿ ಸತ್ಯಕ್ಕೇ ಬೆಲೆ,” ಎಂದು ಶುರುಮಾಡಿ ಎಲ್ಲೂ ತಡವರಿಸದೆ ಮುಗಿಸಿದಳು. ಭಾವನ ಮುಖ ಅರಳಿತು.

“ಕಾಗದ ಕೆಳಗಿಡಮ್ಮ,” ಎಂದರು ಆಕೆ, ಗುಬ್ಬಿಯನ್ನಲ್ಲ, ಭಾವನನ್ನೇ ನೋಡುತ್ತಾ. “ನಿಮ್ಮಪ್ಪಾಜಿ ಮಾಡಿದ ನಿಯಮ. ಈಗ ನಿನ್ನ ಮಾತಲ್ಲಿ ಹೇಳು.”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗು ಅಳಲಿ ಎಂದು ಅಷ್ಟೂ ಜನ ಕಾಯುತ್ತಿದ್ದರು. ಅವರೆಲ್ಲರ ಮೇಲೂ ನನಗೆ ಅಸಹ್ಯ ಹುಟ್ಟಿತು. ಗುಬ್ಬಿ ಕಾಗದವನ್ನು ಮಡಚಿ ಕಾಲ ಬಳಿ ಇಟ್ಟಳು.

“ಇದು ಅಪ್ಪ ಬರೆದದ್ದು,” ಎಂದಳು. “ನಮ್ಮನೇಲಿ ಅಪ್ಪನ ಬೈಕ್ ಸದ್ದು ಕೇಳಿದ್ರೆ ಅಮ್ಮ ಮಾತು ನಿಲ್ಲಿಸ್ತಾಳೆ. ನಾನೂ ನಿಲ್ಲಿಸ್ತೀನಿ. ನಾವು ಏನೇ ಹೇಳಿದ್ರೂ ಅಪ್ಪ ಅದ್ರಲ್ಲಿ ಸ್ವಲ್ಪ ಕಳೀತಾರೆ. ಹೊಟ್ಟೆ ನೋವು ಅಂದ್ರೆ, ಅದ್ರಲ್ಲಿ ನೋವೆಷ್ಟು, ಶಾಲೆ ತಪ್ಪಿಸೋ ಆಸೆ ಎಷ್ಟು ಅಂತ ಕೇಳ್ತಾರೆ. ಒಂದ್ಸಲ ನಿಜವಾಗ್ಲೂ ನೋವಿತ್ತು. ಆಮೇಲಿಂದ ನಾನು ಹೇಳೋದು ಬಿಟ್ಟೆ.”

ಸ್ವಲ್ಪ ಯೋಚಿಸಿ, “ನಮ್ಮನೆ ಚಿಕ್ಕದು, ಆದ್ರೆ ತುಂಬಾ ನಿಶ್ಶಬ್ದ,” ಎಂದು ನಮಸ್ಕಾರ ಮಾಡಿ ಕೆಳಗಿಳಿದಳು.

ಔಷಧಿ ಅಂಗಡಿಯಾಕೆ ತಲೆ ತಗ್ಗಿಸಿ ಅಂಕ ಬರೆದರು. ಕಪ್ ಗುಬ್ಬಿಗೇ ಬಂತು.

ಮನೆಗೆ ಬಂದೆವು. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

“ಅವಳು ಹೇಳಿದ್ದರಲ್ಲಿ ನಿಜ ಎಷ್ಟು ಅಂತ ನೋಡಿದ್ರೆ—”

“ಇದ್ರಲ್ಲಿ ಒಂದು ಗ್ರಾಮೂ ಕಳೀಬೇಡಿ,” ಎಂದಳು ಅಕ್ಕ. ಗುಬ್ಬಿಯ ಕೈಯಿಂದ ಕಪ್ ತೆಗೆದುಕೊಂಡು, ಅವರೇ ಖಾಲಿ ಮಾಡಿಸಿದ್ದ ಜಾಗದಲ್ಲಿಟ್ಟಳು.